ನಲವತ್ತೊಂದು ಹೆಸರು

"ಒಂದು ಹೆಸರೂ ಸಿಗೋಲ್ವೇನಪ್ಪಾ?" ಟೈಪಿಸ್ಟಮ್ಮ ಕೇಳುತ್ತಿದ್ದುದು ಇದು ಮೂರನೇ ಸಲ.

ಸರ್ವರಿನ ಹೊಟ್ಟೆ ಬಿಚ್ಚಿ ನೆಲದ ಮೇಲೆ ಕೂತಿದ್ದ ರಿಪೇರಿಯವನು ತಲೆ ಎತ್ತಲಿಲ್ಲ. "ರಾತ್ರಿ ನುಗ್ಗಿದ ಕಳ್ಳ ಬರೀ ಅಳಿಸಿಲ್ಲ ಅಕ್ಕಾ, ಗುಡಿಸಿ ಸಾರಿಸಿ ಹೋಗಿದಾನೆ. ನೋಡೋಣ."

ಒಡೆದ ಕಿಟಕಿಯಿಂದ ನುಗ್ಗಿದ ಗಾಳಿ ವಕೀಲರ ಕಾಗದಗಳನ್ನು ಕೋಣೆಯೆಲ್ಲ ಹಾರಿಸುತ್ತಿತ್ತು. "ನನ್ನ ಪೇಪರ್‌ವೇಟ್ ಎಲ್ಲಿ ಹಾಳಾಯ್ತು?" ವಕೀಲರು ಗೊಣಗುತ್ತ ಹೆಕ್ಕಿದರು.

ಬಣ್ಣದ ಕಾರ್ಖಾನೆ ಬಾವಿಗಳಿಗೆ ವಿಷದ ನೀರು ಬಿಡುತ್ತಿದೆಯೆಂದು ಅಲ್ಲಿನ ನಲವತ್ತೊಂದು ಕೆಲಸಗಾರರು ಕದ್ದುಮುಚ್ಚಿ ಬಂದು ಹೇಳಿಕೆ ಕೊಟ್ಟಿದ್ದರು. ಹೆಸರು ಹೊರಬಿದ್ದರೆ ಕೆಲಸ ಹೋಗುವುದಿರಲಿ, ಕೈಕಾಲು ಉಳಿಯುವುದೇ ಕಷ್ಟ. ವಕೀಲರು ಕೋರ್ಟಿನಲ್ಲಿದ್ದಾಗ ಆ ಕೆಲಸಗಾರರೆದುರು ಕೂತು ಶೀಘ್ರಲಿಪಿಯಲ್ಲಿ ಗೀಚಿಕೊಂಡು, ಆಮೇಲೆ ಸರ್ವರಿಗೆ ಏರಿಸಿದ್ದು ಟೈಪಿಸ್ಟಮ್ಮನೇ. ಒಬ್ಬಾಕೆ ಅವರ ಕೈ ಹಿಡಿದು, "ನಿನ್ನ ನಂಬಿದೀನಿ ಕಣಕ್ಕಾ" ಎಂದಿದ್ದಳು. ಆ ಕೈಯ ಬಿಸಿ ಇನ್ನೂ ಆರಿರಲಿಲ್ಲ.

"ನಾಲ್ಕಕ್ಕೆ ಪಟ್ಟಿ ಕೊಡಬೇಕು," ವಕೀಲರು ಗಡಿಯಾರ ನೋಡಿದರು. "ನಿಮ್ಮ ಆ ಕಾಗೆಕಾಲು ಗುಬ್ಬಿಕಾಲಿನ ಪುಸ್ತಕ?"

"ಟೈಪಾದಮೇಲೆ ಹರಿದುಹಾಕಿ ಅಂದೋರು ನೀವೇ ಅಲ್ವಾ ಸಾರ್?"

ರಿಪೇರಿಯವನು ಕಿಟಕಿಯಾಚೆ ಇಣುಕಿದ. "ಗಾಜೆಲ್ಲ ಹೊರಗೇ ಬಿದ್ದಿದೆಯಲ್ಲಕ್ಕಾ?"

"ಮತ್ತೆ ಒಳಗೇ ಬಿಟ್ಕೊಂಡು ಕಾಲಿಗೆ ಚುಚ್ಚಿಸ್ಕೊಳ್ಳಲಾ? ನಿನ್ನ ಕೆಲಸ ನೋಡು!"

ಅವನು ನಕ್ಕು ಮತ್ತೆ ಸರ್ವರಿನ ಮುಂದೆ ಕೂತ. ಟೈಪಿಸ್ಟಮ್ಮ ಕಣ್ಣು ಮುಚ್ಚಿದರು. ದೇವರೇ, ನಂಬಿದವರ ಕೈಬಿಡಬೇಡ.

ಮೂರೂಮುಕ್ಕಾಲಿಗೆ ರಿಪೇರಿಯವನು ಎದ್ದು ಕೈ ಒರೆಸಿಕೊಂಡ. "ಏನೂ ಉಳಿದಿಲ್ಲ."

ಟೈಪಿಸ್ಟಮ್ಮ ಉಸಿರು ಬಿಟ್ಟರು. ವಕೀಲರು ಮೂಲೆಗೆ ಸರಿದು, ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು. "ಕಾರ್ಖಾನೆ ಮಾಲೀಕರಿಗೆ ಹೇಳಿಬಿಡಿ, ಪಟ್ಟಿ ಸಿಗಲಿಲ್ಲ. ಹೌದು, ಮಾತು ಕೊಟ್ಟಿದ್ದೆ..."

ಮೊನ್ನೆ ತಮ್ಮ ಕೋಣೆಯೊಳಗೂ ಹೀಗೇ ಪಿಸುಗುಟ್ಟಿದ್ದರು. ಆ ಕೋಣೆಗೂ ಟೈಪಿಸ್ಟಮ್ಮನ ಮೇಜಿಗೂ ನಡುವಿನ ಗೋಡೆ ತೀರ ತೆಳು.

"ನಾಳೆಯಿಂದ ನಾನು ಬರಲ್ಲ ಸಾರ್." ಟೈಪಿಸ್ಟಮ್ಮ ಭಾರದ ಚೀಲ ಹೆಗಲಿಗೇರಿಸಿದರು. ತಲೆ ತಗ್ಗಿಸದೆ ರಸ್ತೆ ದಾಟಿ, ಎದುರು ಕಟ್ಟಡದ ಚಿಕ್ಕ ವಯಸ್ಸಿನ ವಕೀಲೆಯ ಮೇಜಿನ ಮೇಲೆ ಶೀಘ್ರಲಿಪಿಯ ಪುಸ್ತಕ ಬಿಚ್ಚಿದರು. "ಬರ್ಕೋ ತಾಯಿ, ನಾನು ಓದ್ತೀನಿ. ನಲವತ್ತೊಂದೂ ಇದೆ. ಕೋರ್ಟಿಗೆ ಬಿಟ್ಟು ಬೇರೆ ಯಾರಿಗೂ ಅಲ್ಲ."

ಫ್ಯಾನಿನ ಗಾಳಿಗೆ ಹಾಳೆಗಳು ಪಟಪಟ ಹೊಡೆದುಕೊಂಡವು. ಟೈಪಿಸ್ಟಮ್ಮ ಚೀಲಕ್ಕೆ ಕೈಹಾಕಿ, ಕಿಟಕಿಯ ಗಾಜಿನ ಪುಡಿ ಇನ್ನೂ ಅಂಟಿಕೊಂಡಿದ್ದ ಹಿತ್ತಾಳೆಯ ಪೇಪರ್‌ವೇಟೊಂದನ್ನು ತೆಗೆದು ಅವುಗಳ ಮೇಲಿಟ್ಟರು.