ವಿಷ್ಣುತೀರ್ಥರ ಕಾರಿನ ಕೊರಗು

ವಿಷ್ಣುತೀರ್ಥರು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಉಸಿರು ಬಿಗಿಹಿಡಿದರು. ಇತ್ತು. ಗುಂಯ್ ಎನ್ನುವ ಅದೇ ಕೊರಗು. ವಾಟರ್ ಪಂಪಿಗೆ ಇಟ್ಟರು, ಇತ್ತು. ಡೈನಮೊಗೆ ಇಟ್ಟರು, ಇತ್ತು. ರೇಗಿಹೋಗಿ ಬಂಪರಿಗೇ ಇಟ್ಟರು. ಅಲ್ಲೂ ಇತ್ತು!

"ಮೈಯೆಲ್ಲಾ ಹಬ್ಬಿಬಿಟ್ಟಿದೆ," ಎಂದು ಗೊಣಗಿ ಎಂಜಿನ್ ಆರಿಸಿದರು. ಒಂದು ಗಳಿಗೆ ತಡೆದು ಕೊರಗೂ ನಿಂತಿತು.

ಕಾರಿಗೆ ಮೂವತ್ತು ವರ್ಷ, ಅವರಿಗೆ ಅರವತ್ತೆಂಟು. ರೈಲ್ವೆಯ ಲೋಕೋ ಶೆಡ್ಡಿನಲ್ಲಿ ಫೋರ್‌ಮನ್ ಆಗಿದ್ದವರು. ಯಾವ ಎಂಜಿನ್ನಿಗೆ ಯಾವ ಕಾಯಿಲೆ ಎಂದು ಸದ್ದಿನಲ್ಲೇ ಹೇಳುತ್ತಿದ್ದರಂತೆ. ಹಾಗೆಂದು ಹೇಳುತ್ತಿದ್ದವರೂ ಅವರೇ ಅನ್ನಿ. ಈಗ ತಮಿಳುನಾಡಿನ ಅಡ್ಯಾರಿನ ಮನೆಯ ಅಡುಗೆಮನೆ ಗೋಡೆಗೆ ಒತ್ತಿ ಕಟ್ಟಿದ ತಗಡಿನ ಶೆಡ್ಡಿನಲ್ಲಿ ಈ ಒಂದು ಕಾರು ಮಾತ್ರ ಉಳಿದಿತ್ತು. ಅದೂ ಮೂರು ವಾರದಿಂದ ಅವರ ಮಾನ ತೆಗೆಯುತ್ತಿತ್ತು.

ಬಗ್ಗಿ ನೆಲ ಮುಟ್ಟಿ ನೋಡಿದರು. ಇವತ್ತೂ ಕಾರಿನ ಕೆಳಗೆ ಒದ್ದೆ. ಬೆರಳನ್ನು ಕನ್ನಡಕದ ಹತ್ತಿರ, ಇನ್ನೂ ಹತ್ತಿರ ತಂದರು. ಬೆಳ್ಳಗಿತ್ತು. ಮೂಸಿದರೆ ತುಸು ಹುಳಿ.

ಜೂನ್ ತಿಂಗಳಿಗೆ ಇನ್ನು ಹತ್ತೇ ದಿನ. ಅಳಿಯನಿಗೆ ಕೊಯಮತ್ತೂರಿಗೆ ವರ್ಗವಾಗಿ, ಮೊಮ್ಮಗಳು ಉಷಾ ಈ ವರ್ಷದಿಂದ ಇಲ್ಲಿಯೇ ಓದುವುದೆಂದಾಗಿತ್ತು. ಅಳಿಯ ಅಲ್ಲಿಂದ ಹಿಟ್ಟು ರುಬ್ಬುವ ಒಂದು ಗ್ರೈಂಡರನ್ನೂ ಲಾರಿಯಲ್ಲಿ ಕಳಿಸಿ ಅತ್ತೆಯ ಋಣ ತೀರಿಸಿದ್ದ. ಶಾಲೆ ಶುರುವಾದ ದಿನದಿಂದ ಮಗುವನ್ನು ಕಾರಿನಲ್ಲಿ ತಾವೇ ಬಿಟ್ಟು ಬರುವುದಾಗಿ ವಿಷ್ಣುತೀರ್ಥರು ಸಾರಿಯಾಗಿತ್ತು. ಆ ದಿನಕ್ಕೆಂದು ಹೊಸ ಟೋಪಿಯನ್ನೂ ಕೊಂಡಿದ್ದರು.

"ರಮಾ, ಆ ತಿರುಮಲನಿಗೆ ಹೇಳಿಕಳಿಸು!"

"ಮಡೀಲಿದೀನಿ, ಆ ಗ್ರೀಸ್ ಕೈಲಿ ಒಳಗೆ ಕಾಲಿಟ್ಟೀರಿ!" ಎಂದರು ರಮಾಬಾಯಿ ಅಡುಗೆಮನೆಯ ಕಿಟಕಿಯಿಂದ. "ದೋಸೆ ಹಾಕಿದೀನಿ, ಕೈ ತೊಳ್ಕೊಂಡು ಬನ್ನಿ ಮೊದಲು."

ದೋಸೆ ವಿಷಯದಲ್ಲಿ ದೂರುವಂತಿರಲಿಲ್ಲ. ದಿನಾ ದೋಸೆ, ತಪ್ಪಿದರೆ ಇಡ್ಲಿ. ಕಾರು ಕೆಟ್ಟ ದುಃಖವನ್ನು ವಿಷ್ಣುತೀರ್ಥರು ಚಟ್ನಿಯಲ್ಲಿ ಅದ್ದಿ ನುಂಗುತ್ತಿದ್ದರು. ಚಟ್ನಿಗೆ ಕರಿಬೇವು ಮಾತ್ರ ಅಂಗಡಿಯದು. ಹಿತ್ತಲ ಗಿಡ ಯಾಕೋ ಬಾಡಿ ನಿಂತಿತ್ತು.

ತಿರುಮಲ ಹೊಸೂರು ಕಡೆಯ ಮೆಕ್ಯಾನಿಕ್ಕು. ಅವನ ಮೇಲೆ ವಿಷ್ಣುತೀರ್ಥರಿಗೆ ನಂಬಿಕೆಯಿರಲಿಲ್ಲ. ಎರಡು ವಾರದ ಹಿಂದೆ ಅವನ ವರ್ಕ್‌ಶಾಪಿಗೆ ಕಾರನ್ನು ಒಯ್ದಿದ್ದಾಗ ಕೊರಗು ಕೇಳಿಸಲೇ ಇಲ್ಲ. "ಒಂದೂ ಇಲ್ಲ ಸಾರ್, ಗಾಡಿ ಕಲ್ಲುಗುಂಡು ಮಾದರಿ ಇದೆ," ಎಂದಿದ್ದ. ಮನೆಗೆ ತಂದು ಚಾಲೂ ಮಾಡಿದರೆ ಮತ್ತೆ ಗುಂಯ್!

ಈ ಸಲ ಅವನೇ ಬಂದ. ಎಂಜಿನ್ ಚಾಲೂ ಮಾಡಿದ, ಕೇಳಿದ, ಹುಬ್ಬು ಗಂಟಿಕ್ಕಿದ. ರೇಡಿಯೇಟರಿನ ಮುಚ್ಚಳ ತೆಗೆದ. ಒಳಗೂ ಬೆಳ್ಳನೆಯ ನೀರು. ಬೆರಳದ್ದಿ ಮೂಸಿದ, ಆಮೇಲೆ ಸುತ್ತ ನೋಡಿದ. ಅಷ್ಟರಲ್ಲಿ ರಮಾಬಾಯಿ ಕಾಫಿಗೆ ಕರೆದರು. ಹಿತ್ತಲಿಗೆ ಹೋದವನು ಕಾಲು ಗಂಟೆ ಬರಲಿಲ್ಲ.

ಬಂದಾಗ ಅವನ ಮಾತೇ ಬೇರೆಯಾಗಿತ್ತು. "ಹೆಡ್ ಗ್ಯಾಸ್ಕೆಟ್ ಪೋಯಿತು ಸಾರ್. ಎಣ್ಣೆ, ನೀರು ಸೇರಿದ್ರೆ ಇಂಗೇ ಹಾಲು ಥರ ಆಗೋದು. ಬ್ಲಾಕೇ ಬಿರುಕು ಬಿಟ್ಟಿರಬೇಕು. ಇನ್ಮೇಲೆ ರೋಡಿಗೆ ತೆಗೀಬೇಡಿ. ಬೇಕಾದ್ರೆ ನನಗೇ ಕೊಡಿ, ನೋಡ್ಕೊಳ್ತೀನಿ."

ಕಳ್ಳ! ವಿಷ್ಣುತೀರ್ಥರಿಗೆ ಎಲ್ಲಾ ಹೊಳೆಯಿತು. ಮುದುಕನ ಕಾರಿನ ಮೇಲೆ ಇವನಿಗೆ ಕಣ್ಣು. ಆದರೆ ಕೊರಗನ್ನು ಕೇಳಿದ್ದು ತಮ್ಮದೇ ಕಿವಿ. ಅದನ್ನು ಸುಳ್ಳೆನ್ನುವುದು ಹೇಗೆ?

"ನೀನೇನಂತೀಯ ರಮಾ?"

"ನಿಮ್ಮ ಕಿವೀಗಿಂತ ನನ್ನ ಮಾತು ಹೆಚ್ಚೇ? ಮಗೂನ ಕೂರಿಸಿಕೊಂಡು ಹೋಗೋ ಗಾಡಿ. ನಡುದಾರೀಲಿ ಏನಾದರೂ ಆದರೆ?"

"ಓಡಿಸೋನು ನಾನಿರುವಾಗ ಏನಾಗತ್ತೆ?"

ರಮಾಬಾಯಿ ಅವರ ಕನ್ನಡಕವನ್ನೇ ನೋಡಿದರು. ಏಪ್ರಿಲ್ ತಿಂಗಳ ಕೊನೆಯ ವಾರ ಉಷಾಳೂ ಸೇರಿ ಮೂವರೂ ಕಾರಿನಲ್ಲಿ ಬೀಚಿಗೆ ಹೋಗಿದ್ದರು. ಎದುರಿಗೆ ಬೇಯಿಸಿದ ಕಡಲೆಯ ಸುಂಡಲ್ ಮಾರುವವನ ತಳ್ಳುಗಾಡಿ. "ತಾತಾ, ನಿಲ್ಲುಂಗೋ!" ಎಂದು ಉಷಾ ತಮಿಳಿನಲ್ಲಿ ಚೀರಿದಾಗ ಬ್ರೇಕು ಬಿತ್ತು. ಗಾಡಿಗೂ ಕಾರಿಗೂ ಗೇಣಿನ ಅಂತರ. "ಗಂಟೆಯಿಲ್ಲದ ಗಾಡಿ, ಬಂದದ್ದು ತಿಳಿಯೋದಾದರೂ ಹೇಗೆ? ಕಾರು ಓಡಿಸೋದು ಕಿವಿಯಿಂದ ಕಣೇ," ಎಂದು ವಿಷ್ಣುತೀರ್ಥರು ಕನ್ನಡಕ ಒರೆಸಿಕೊಂಡಿದ್ದರು. ಕಣ್ಣಿನ ಪೊರೆ ತೆಗೆಸಿ ಎಂದ ಡಾಕ್ಟರನ್ನು ಅವರು ವರ್ಷದ ಹಿಂದೆಯೇ ಬೈದು ಬಿಟ್ಟಿದ್ದರು.

ಆದರೆ ಬಿರುಕು ಬಿಟ್ಟ ಎಂಜಿನ್ನಿನ ಹಿಂದೆ ಮೊಮ್ಮಗಳನ್ನು ಕೂರಿಸಲು ಫೋರ್‌ಮನ್ನರ ಮನಸ್ಸು ಒಪ್ಪಲಿಲ್ಲ. ಎರಡು ರಾತ್ರಿ ಹೊರಳಾಡಿ, ಮೂರನೆಯ ದಿನ ಕೀಲಿಕೈಯನ್ನು ತಿರುಮಲನ ಅಂಗೈಗೆ ಹಾಕಿದರು. ಇನ್ನೊಂದು ಕಾರನ್ನು ಈ ಜನ್ಮದಲ್ಲಿ ಮುಟ್ಟುವುದಿಲ್ಲವೆಂದು ಆಣೆಯನ್ನೂ ಇಟ್ಟರು. ಅಳುವೇ ಬಂದಿತ್ತು, ಕೆಮ್ಮಿ ಮುಚ್ಚಿಕೊಂಡರು.

ತಿರುಮಲ ಕಾರನ್ನು ಚಾಲೂ ಮಾಡಿ, ಅಡುಗೆಮನೆಯ ಕಿಟಕಿಗೆ ಕೈಮುಗಿದು ಹೊರಟ. ವಿಷ್ಣುತೀರ್ಥರು ಗೇಟಿನಲ್ಲಿ ಕಿವಿಗೊಟ್ಟು ನಿಂತರು. ಕಾರು ನೆಟ್ಟಗೆ, ತಣ್ಣಗೆ, ಚೂರೂ ಕೊರಗದೆ ಬೀದಿ ದಾಟಿತು. ಹೋಗುವ ಕಾಲಕ್ಕೆ ಅದಕ್ಕೂ ಅಭಿಮಾನ ಎಂದುಕೊಂಡರು.

ಜೂನ್ ಒಂದರ ಬೆಳಿಗ್ಗೆ ಹೊಸ ಟೋಪಿ ಹಾಕಿಕೊಂಡು, ಉಷಾಳ ಕೈಹಿಡಿದು ಬಸ್ ಸ್ಟಾಪಿಗೆ ನಡೆಯಲು ಸಿದ್ಧರಾಗಿ ತಿಂಡಿಗೆ ಕುಳಿತರು. ಹಿತ್ತಲಲ್ಲಿ ಕರಿಬೇವಿನ ಗಿಡಕ್ಕೆ ಅಕ್ಕಿ ತೊಳೆದ ಬೆಳ್ಳನೆಯ ನೀರು ಸುರಿದು ಬಂದ ರಮಾಬಾಯಿ, ತಟ್ಟೆಯಲ್ಲಿ ಉಪ್ಪಿಟ್ಟು ಬಡಿಸಿದರು.

"ಇದೇನೇ, ದೋಸೆ ಇಲ್ವೆ?"

"ಕಾರೇ ಹೋಯ್ತಲ್ಲ," ಎಂದರು ರಮಾಬಾಯಿ. "ಇನ್ನು ದಿನಾ ಬೆಳಿಗ್ಗೆ ಗ್ರೈಂಡರ್ ಯಾಕೆ ಹಾಕಲಿ?"