ನೀಲವ್ವನ ಇರುವೆ ಡಬ್ಬಿ

ಸಕ್ಕರೆ ಕಾಯಿಲೆ ಬಂದವರಿಗೆಲ್ಲ ಕೊಡುವಂತೆ, ಬಟ್ಟೆ ಹೊಲಿಯುವ ನೀಲವ್ವನಿಗೂ ಆಸ್ಪತ್ರೆಯವರು ಇನ್ಸುಲಿನ್ ಜೊತೆಗೆ ಒಂದು ಡಬ್ಬಿ ಇರುವೆ ಕೊಟ್ಟು ವಾರವಾಗಿತ್ತು. ಊಟಕ್ಕೆ ಮುಂಚೆ ಡಬ್ಬಿಯೊಳಗೆ ಬೆರಳಿಟ್ಟರೆ ಎಷ್ಟು ಇರುವೆ ಮೇಲೇರುತ್ತವೋ ಅಷ್ಟು ಯೂನಿಟ್ ಚುಚ್ಚಿಕೊಳ್ಳಬೇಕು. ಇಂದು ಎಂಟು ಏರಿದವು, ಎಂಟು ಚುಚ್ಚಿಕೊಂಡಳು. ಆದರೆ ಮದುವೆ ಕುಪ್ಪಸದ ಅವಸರದಲ್ಲಿ ಊಟ ಮರೆತೇಹೋಯಿತು.

ದಾರ ಪೋಣಿಸುವಾಗ ಕೈ ನಡುಗಿತು, ಮೈ ಬೆವರಿತು. ಏನಿದು ನೋಡೋಣವೆಂದು ಮತ್ತೆ ಬೆರಳಿಟ್ಟಳು.

"ಎಷ್ಟ ಬಂದ್ವು, ಅತ್ತಿ?" ಸೊಸೆ ಕೇಳಿದಳು.

"ಒಂದೂ ಬರವಲ್ದು. ಎಲ್ಲಾ ಅಡಗಿಮನಿ ಕಡೆ ಹೊಂಟಾವ ನೋಡವ್ವಾ!"

ಇಬ್ಬರೂ ಕಣ್ಣು ಮಿಟುಕಿಸದೆ ನೋಡಿದರು. ಇರುವೆಗಳು ಸಾಲಾಗಿ ಮರಳಿದವು. ಹೊತ್ತು ತಂದ ಸಕ್ಕರೆ ಹರಳುಗಳನ್ನು ನೀಲವ್ವನ ಬೆರಳ ತುದಿಗಿಟ್ಟು, ಅವಳು ನೆಕ್ಕುವ ತನಕ ಅಲ್ಲೇ ಕಾದು ನಿಂತವು.