ಎಂಜಿನ್ ನಿಂತ ಕತೆ

"ಆಕಾಶದಲ್ಲೇ ಎಂಜಿನ್ ನಿಂತುಹೋಯ್ತು. ನಾನು ಹೆದರ್ಲಿಲ್ಲ. ವಿಮಾನದ ಮೂತಿ ಏರಿಸಿ ಇಳಿಸೋ ಸ್ಟಿಕ್ಕನ್ನ ಹೀಗೆ ಗಟ್ಟಿಯಾಗಿ ಎದೆ ಹತ್ರ ಎಳೆದೆ," ಎಂದು ಗಂಡ ಊಟದ ಮೇಜಿನಲ್ಲಿ ಚಮಚ ಹಿಡಿದು ಎಳೆದು ತೋರಿಸಿದಾಗ, ನೀರು ಬಗ್ಗಿಸುತ್ತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು. ಹೊಸ ಅಳಿಯ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

ಆ ಹಳೆಯ ಮರದ ವಿಮಾನವನ್ನು ಕೊಂಡದ್ದು ಇಬ್ಬರೂ ಸೇರಿ, ಹಾರಿಸಿದ್ದು ಅವಳೊಬ್ಬಳೇ. ಅದರ ರೆಕ್ಕೆಗೆ ಹೊದಿಸುವ ಬಟ್ಟೆ ಹೊಲಿದವಳು ಅವಳು, ಮರದ ಅಂಟು ಎಲ್ಲಿ ಬಿಟ್ಟಿದೆಯೆಂದು ಬೆರಳಿನಲ್ಲಿ ತಟ್ಟಿಯೇ ಹೇಳುತ್ತಿದ್ದವಳೂ ಅವಳೇ. ವಿಮಾನ ಮಾರಿದ ಮೇಲೆ ಉಳಿದದ್ದು ಕತೆ ಮಾತ್ರ. ವರ್ಷ ಕಳೆದಂತೆ ಗಂಡನ ಬಾಯಲ್ಲಿ ಅವಳು ಪೈಲಟ್ಟಿನಿಂದ ಪ್ರಯಾಣಿಕಳಾಗಿ, ಕೊನೆಗೆ ನೆಲದಲ್ಲಿ ನಿಂತು ಕೈಬೀಸುವವಳಾಗಿದ್ದಳು. ಬಡಾಯಿ ತಾನೇ, ಕೊಚ್ಚಿಕೊಳ್ಳಲಿ ಎಂದು ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದಳು. ಆದರೆ ಇವತ್ತು ಈ ಮನುಷ್ಯ ಅವಳ ವಿಮಾನವನ್ನು ಬೀಳಿಸುತ್ತಿದ್ದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಜಗ್ಗನ್ನು ಕುಕ್ಕಿದವಳೇ ಅವನ ಮುಷ್ಟಿ ಹಿಡಿದು, ಚಮಚದ ಸಮೇತ ಮುಂದಕ್ಕೆ ತಳ್ಳಿದಳು. "ಎಂಜಿನ್ ನಿಂತಾಗ ಎಳೆದ್ರೆ ಮೂತಿ ಮೇಲೆದ್ದು ವೇಗ ಸತ್ತು, ಕಲ್ಲು ಬಿದ್ದ ಹಾಗೆ ಬೀಳ್ತೀವಿ. ಹೀಗೆ ತಳ್ಬೇಕು, ಮೂತಿ ಕೆಳಗಾಗ್ಬೇಕು. ನಾನು ಅವತ್ತು ಮಾಡಿದ್ದು ಅದನ್ನೇ."

"ಇಲ್ಲ ಕಣೇ, ಎಳೆದಿದ್ದು ನನಗೆ ಚೆನ್ನಾಗಿ ನೆನಪಿದೆ."

"ನಿಮಗೆ ಹೇಗೆ ನೆನಪಿರತ್ತೆ? ನಾನು ಹಿಂದೆ ಕೂತು ಹಾರಿಸ್ತಿದ್ರೆ, ನೀವು ಮುಂದಿನ ಸೀಟಲ್ಲಿ ಕಣ್ಣು ಮುಚ್ಕೊಂಡು ಕೂತಿದ್ರಲ್ಲ."

ಗಂಡನ ಚಮಚ ಮುಂದಕ್ಕೆ ಚಾಚಿದಂತೆಯೇ ಉಳಿಯಿತು. ಅಳಿಯ ಮೆಲ್ಲಗೆ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡ.

"ಆಮೇಲೆ ಹೇಗೆ ಇಳಿಸಿದ್ರಿ, ಅತ್ತೆ?"